ಹೂಟಗಳ್ಳಿಯ ಆಫೀಸಿಗೆ ಯಾವ ಇಟ್ಟಿಗೆ?

ಮೈಸೂರಿನ ಹೂಟಗಳ್ಳಿ ಕಡೆ ಆಫೀಸು ಕಟ್ಟಿಸುತ್ತಿದ್ದೀರಿ. ಸುಟ್ಟ ಇಟ್ಟಿಗೆಯೋ, ಮಣ್ಣಿನ ಬ್ಲಾಕೋ, ಎಎಸಿ ಬ್ಲಾಕೋ (ಒಳಗೆಲ್ಲ ಗಾಳಿಗುಳ್ಳೆ ಇರುವ ಹಗುರ ಕಾಂಕ್ರೀಟ್ ಬ್ಲಾಕ್) ಅನ್ನೋದು ನಿಮ್ಮ ಪ್ರಶ್ನೆ, ಅಲ್ವಾ?

ಮೊದಲು ತೂಕ. ಎಎಸಿ ಘನ ಮೀಟರಿಗೆ ಸುಮಾರು 600 ಕಿಲೋ. ಉಳಿದೆರಡೂ ಹೆಚ್ಚುಕಡಿಮೆ ಅದರ ಮೂರು ಪಟ್ಟು. ಕಾಂಕ್ರೀಟ್ ಫ್ರೇಮಿನ ಮೇಲೆ ನಾಲ್ಕೈದು ಮಹಡಿ ಏರಿಸುವುದಾದರೆ ಎಎಸಿಯೇ ಸಲೀಸು. ಗೋಡೆ ಬೇಗ ಏಳುತ್ತದೆ. ಆದರೆ ನೀರು ಹೀರುತ್ತದೆ, ಹೊರಗೆ ಪ್ಲಾಸ್ಟರ್ ಬೇಕೇ ಬೇಕು.

ನನಗೆ ತುಂಬಾ ಇಷ್ಟ ಮಣ್ಣಿನ ಬ್ಲಾಕ್. ಪಾಯ ತೋಡಿದ ಕೆಂಪು ಮಣ್ಣಿಗೆ ಮರಳು, ಶೇ 6-8ರಷ್ಟು ಸಿಮೆಂಟು ಬೆರೆಸಿ ಮೆಷಿನ್ನಿನಲ್ಲಿ ಒತ್ತುತ್ತಾರೆ. ಸುಡುವ ಮಾತೇ ಇಲ್ಲ, ಲಾರಿ ಬಾಡಿಗೆಯೂ ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1970ರ ದಶಕದಿಂದ ಇದರ ಮೇಲೆ ಕೆಲಸ ಮಾಡಿದೆ. ಅವಸರ ಮಾತ್ರ ಮಾಡಬೇಡಿ. ಮೂರು ವಾರ ಗೋಣಿ ಹೊದಿಸಿ ನೀರುಣಿಸಬೇಕು. ಆಮೇಲೆ ಅಂಚನ್ನು ಉಗುರಲ್ಲಿ ಕೆರೆದು ನೋಡಿ, ಪುಡಿ ಉದುರಿದರೆ ಬೇಡ. ನಿಮ್ಮದು ಎರೆ ಮಣ್ಣಾದರೆ ಬರೀ ಸಿಮೆಂಟು ಸಾಲದು, ಸುಣ್ಣವೂ ಬೇಕಾಗುತ್ತದೆ.

ಮಳೆ ನೇರ ಹೊಡೆಯುವ ಗೋಡೆಗೆ, ಪ್ಲಾಸ್ಟರ್ ಇಲ್ಲದ ಚೆಂದಕ್ಕೆ, ಚೆನ್ನಾಗಿ ಬೆಂದ ಇಟ್ಟಿಗೆ ಒಳ್ಳೆಯದು. ಎರಡನ್ನು ತಟ್ಟಿದರೆ ಟಣ್ ಅನ್ನಬೇಕು. ಸುಡಲು ಉರುವಲು ಜಾಸ್ತಿ ಬೇಕು, ಅದೇ ಕೊರಗು. ರ‍್ಯಾಟ್ ಟ್ರ್ಯಾಪ್ ಬಾಂಡಿನಲ್ಲಿ, ಅಂದರೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು, ಕಟ್ಟಿಸಿದರೆ ಕಾಲು ಭಾಗದಷ್ಟು ಇಟ್ಟಿಗೆ ಉಳಿಯುತ್ತದೆ, ನಡುವಿನ ಪೊಳ್ಳು ಬಿಸಿಲನ್ನೂ ತಡೆಯುತ್ತದೆ. ಆ ಕಟ್ಟಣೆ ಗೊತ್ತಿರುವ ಮೇಸ್ತ್ರಿಯನ್ನೇ ಹುಡುಕಿ.