ಬೀಜ, ಕೋಕೋಪೀಟ್, ಟ್ರೇ ಎಲ್ಲ ಸೇರಿಸಿ ಮಾರೋ ಸಸಿ ಕಿಟ್ ತಗೊಳ್ಳೋ ಮುಂಚೆ ಇದನ್ನ ಓದಿ

ಮುಂಗಾರು ಹತ್ರ ಬಂತು ಅಂದ್ರೆ ಫೋನ್ ತೆಗೆದ ಕಡೆಯೆಲ್ಲ ತಾರಸಿ ತೋಟದ ಜಾಹೀರಾತೇ. 40 ಥರ ತರಕಾರಿ ಬೀಜ, ಕೋಕೋಪೀಟ್ ಇಟ್ಟಿಗೆ (ತೆಂಗಿನ ಸಿಪ್ಪೆ ಪುಡಿನ ಒತ್ತಿ ಮಾಡಿದ ಬ್ಲಾಕ್), ಸಸಿ ಟ್ರೇ, ಜೊತೆಗೆ ಗೊಬ್ಬರದ ಪೊಟ್ಟಣ ಫ್ರೀ, ಮೇಲಿಂದ 'ನೂರಕ್ಕೆ ನೂರು ಮೊಳಕೆ ಗ್ಯಾರಂಟಿ'. ದಯವಿಟ್ಟು ಇಂಥ ಕಿಟ್‌ಗೆ ದುಡ್ಡು ಹಾಕೋ ಮುಂಚೆ ನಮ್ಮ ಬೀದಿಲಿ ಆಗಿದ್ದನ್ನ ಒಂದ್ಸಲ ಓದಿಬಿಡಿ. ದುಡ್ಡು ಹೋದ್ರೆ ಹೋಗ್ಲಿ, ಬಿತ್ತೋ ಟೈಮೇ ಹೋಯ್ತಲ್ಲ, ಅದನ್ನ ಯಾರು ವಾಪಸ್ ಕೊಡ್ತಾರೆ?

ನಾವಿರೋದು ತುಮಕೂರಲ್ಲಿ. ಅಕ್ಕಪಕ್ಕದ ನಾಲ್ಕೈದು ಮನೆಯವರು ಸೇರಿ ಒಟ್ಟಿಗೆ ಆರ್ಡರ್ ಹಾಕಿದ್ವಿ, ಒಟ್ಟಿಗೆ ತಗೊಂಡ್ರೆ ಡೆಲಿವರಿ ಚಾರ್ಜ್ ಇಲ್ಲ ಅಂತ. ಟೊಮೇಟೊ, ಮೆಣಸಿನಕಾಯಿ, ಬದನೆ ಮೂರೂ ಟ್ರೇಗೆ ಹಾಕಿದ್ವಿ. ಡಬ್ಬದಲ್ಲಿ ಒಂದು ಕಾರ್ಡ್ ಇತ್ತು, 'ಬ್ಲಾಕ್ ನೆನೆಸಿ ನೇರವಾಗಿ ಬಳಸಿ, ದಿನಕ್ಕೆ ಎರಡು ಸಲ ನೀರು ಕೊಡಿ, ನಾಲ್ಕು ಎಲೆ ಬರೋವರೆಗೂ ಪ್ಲಾಸ್ಟಿಕ್ ಮುಚ್ಚಳ ತೆಗೀಬೇಡಿ' ಅಂತ. ಎಲ್ಲರೂ ಅದರಲ್ಲಿದ್ದ ಹಾಗೇ ಮಾಡಿದ್ವಿ.

ಮೊದಲು ಮೊಳಕೆ ಬರೋದೇ ತಡ ಆಯ್ತು. ಬಂದಿದ್ದೂ ಅಲ್ಲೊಂದು ಇಲ್ಲೊಂದು. ಟೊಮೇಟೊದು ಎರಡು ಬೀಜದೆಲೆ ಬಿಚ್ಚಿಕೊಂಡ ಮೇಲೆ ಬೆಳವಣಿಗೆನೇ ನಿಂತುಹೋಯ್ತು, ಎಲೆ ತುದಿ ಕಂದಾಗಿ ಮುರುಟಿಕೊಂಡಿತ್ತು, ಬೆಂಕಿ ಹತ್ರ ಹಿಡಿದು ತೆಗೆದ ಹಾಗೆ. ಕೋಕೋಪೀಟ್ ಮುಟ್ಟಿದ್ರೆ ಒದ್ದೆ, ಗಿಡ ಮಾತ್ರ ನೀರೇ ಕಾಣದ ಥರ ಬಾಡಿದೆ. ಟ್ರೇ ಅಂಚಲ್ಲಿ ಒಣಗಿದ ಜಾಗದಲ್ಲಿ ಬೆಳ್ಳಗೆ ಪುಡಿ ಪುಡಿ ಕಟ್ಟಿತ್ತು, ಬೆರಳಲ್ಲಿ ಉಜ್ಜಿದ್ರೆ ಉಪ್ಪಿನ ಹಾಗೆ ಚರಚರ ಅಂತಿತ್ತು.

ಇಷ್ಟರಲ್ಲಿ ಹೇಗೋ ಉಳಿದುಕೊಂಡಿದ್ದ ಸಸಿಗಳೂ ಬುಡದಲ್ಲಿ, ಸರಿಯಾಗಿ ಮಣ್ಣು ಸೇರೋ ಜಾಗದಲ್ಲಿ, ನೀರು ತುಂಬಿಕೊಂಡ ಹಾಗಾಗಿ ಆಮೇಲೆ ದಾರದಷ್ಟು ಸಣ್ಣ ಆಗಿ ಮಲಗಿಬಿಟ್ವು. ಸಂಜೆ ನೆಟ್ಟಗಿದ್ದಿದ್ದು ಬೆಳಿಗ್ಗೆ ಸಾಲಾಗಿ ನೆಲ ಹಿಡಿದಿತ್ತು.

ಮಾರಿದವರಿಗೆ ಫೋಟೋ ಕಳಿಸಿ ಕೇಳಿದ್ರೆ ಬಂದ ಉತ್ತರ, 'ಮೇಡಂ ನಮ್ಮ ಪ್ರಾಡಕ್ಟ್‌ನಲ್ಲಿ ಪ್ರಾಬ್ಲಂ ಇಲ್ಲ, ಎಲ್ಲರಿಗೂ ಕೈಗುಣ ಇರಲ್ಲ'. ನಮ್ಮತ್ತೆ ಪಕ್ಕದಲ್ಲೇ ಕೂತಿದ್ರು. ಹುಟ್ಟಿದಾಗಿಂದ ಹೊಲದಲ್ಲೇ ಬೆಳೆದವರು, ಎಷ್ಟೋ ಮನೆಗೆ ಬದನೆ ಸಸಿ ಕಿತ್ತು ಕೊಟ್ಟವರು, ಈ ಮಾತು ಕೇಳಿ ಏನೂ ಅನ್ನದೆ ಎದ್ದು ಒಳಗೆ ಹೋದ್ರು. ನಂಗೆ ಆ ದುಡ್ಡಿಗಿಂತ ಇದೇ ಜಾಸ್ತಿ ಉರೀತು. ಹೊಸದಾಗಿ ಗಿಡ ಹಾಕೋಕೆ ಶುರು ಮಾಡೋ ಎಷ್ಟು ಜನ ಇಂಥ ಮಾತು ಕೇಳಿ 'ನನ್ನ ಕೈಲಿ ಆಗಲ್ಲ' ಅಂತ ಬಿಟ್ಟುಬಿಟ್ಟಿರಬಹುದು ಅಂತ ಯೋಚನೆ ಮಾಡಿದ್ರೆ ಸಂಕಟ ಆಗುತ್ತೆ.

ಅತ್ತೆ ಮಾರನೇ ದಿನ ಒಂದು ಒಡೆದ ಕುಂಡಕ್ಕೆ ಕೆಂಪು ಮಣ್ಣು, ಮರಳು, ಕಳಿತ ಸಗಣಿ ಗೊಬ್ಬರ ಕಲಸಿ, ಬೂದಿಲಿ ಇಟ್ಟಿದ್ದ ಮನೆ ಬದನೆ ಬೀಜ ಹಾಕಿದ್ರು. ಅದೇ ತಾರಸಿ, ಅದೇ ನೀರು, ಅದೇ ಕೈ. ಒತ್ತೊತ್ತಾಗಿ ಎದ್ದು ಬಂತು. ನಾವು ಉಳಿದಿದ್ದ ಕಿಟ್ ಬೀಜನ ಒದ್ದೆ ಹತ್ತಿ ಬಟ್ಟೆಲಿ ಸುತ್ತಿ ಡಬ್ಬದಲ್ಲಿಟ್ಟು ನೋಡಿದ್ವಿ. ಟೊಮೇಟೊ ಒಂದು ವಾರದೊಳಗೆ ಮೊಳೀಬೇಕು, ಮೆಣಸಿನಕಾಯಿಗೆ ಎರಡು ವಾರದವರೆಗೂ ಕಾಯಬಹುದು. ಅಷ್ಟು ಕಾದ್ರೂ ಅರ್ಧಕ್ಕರ್ಧ ಬೀಜ ಹಾಗೇ ಬೂಸಲು ಹಿಡೀತು.

ಕೋಕೋಪೀಟ್ ವಿಷಯ ಗೊತ್ತಾಗಿದ್ದು ಫಿಲ್ಟರ್ ಸರ್ವಿಸ್‌ಗೆ ಬಂದ ಹುಡುಗನಿಂದ. ಅವನ ಹತ್ರ ನೀರಲ್ಲಿ ಉಪ್ಪು, ಖನಿಜ ಎಷ್ಟು ಕರಗಿದೆ ಅಂತ ಚೆಕ್ ಮಾಡೋ ಟಿಡಿಎಸ್ ಮೀಟರ್ ಇರುತ್ತಲ್ಲ, ಸುಮ್ನೆ ನೋಡೋಣ ಅಂತ ಬ್ಲಾಕ್ ನೆನೆಸಿದ ನೀರಿಗೆ ಅದ್ದಿಸಿದೆ. ನಲ್ಲಿ ನೀರಿಗೆ 200 ಚಿಲ್ಲರೆ ತೋರಿಸಿದ್ದು ಇದಕ್ಕೆ 2000 ದಾಟಿಬಿಡ್ತು. ಆ ಹುಡುಗನೇ ಮೀಟರ್ ಕೆಟ್ಟಿದೆಯೇನೋ ಅಂತ ಒರೆಸಿ ಇನ್ನೊಂದ್ಸಲ ಅದ್ದಿ ನೋಡಿದ.

ತೆಂಗಿನ ಸಿಪ್ಪೆಲಿ ಪೊಟ್ಯಾಷಿಯಂ, ಸೋಡಿಯಂ ಉಪ್ಪು ಸಹಜವಾಗೇ ಇರುತ್ತೆ, ಅದರ ಮೇಲೆ ಕೆಲವು ಕಡೆ ಸಿಪ್ಪೆನ ಉಪ್ಪುನೀರಲ್ಲೇ ನೆನೆಹಾಕಿ ನಾರು ತೆಗೀತಾರೆ. ಆ ಪುಡಿನ ಒಳ್ಳೆ ನೀರಲ್ಲಿ ಚೆನ್ನಾಗಿ ತೊಳೆದು ಆಮೇಲೆ ಬ್ಲಾಕ್ ಮಾಡ್ಬೇಕು. ತೊಳೆದಿದ್ದಕ್ಕೆ 'ಲೋ ಇಸಿ' (ಅಂದ್ರೆ ಉಪ್ಪು ಕಮ್ಮಿ) ಅಂತ ಹಾಕಿ ಸ್ವಲ್ಪ ಜಾಸ್ತಿ ರೇಟಿಗೆ ಮಾರ್ತಾರೆ, ತೊಳೆಯದೇ ಇರೋದು ಅಗ್ಗ, ಕಿಟ್‌ನವರು ತುಂಬಿಸಿದ್ದು ಅದನ್ನೇ. ಬೇರಿನ ಸುತ್ತ ಉಪ್ಪು ಜಾಸ್ತಿ ಆದ್ರೆ ನೀರು ಎಷ್ಟಿದ್ರೂ ಬೇರಿಗೆ ಎಳ್ಕೊಳ್ಳೋಕೆ ಆಗಲ್ಲ. ದೊಡ್ಡ ಗಿಡ ಆದ್ರೆ ಹೇಗೋ ತಡ್ಕೊಳ್ಳುತ್ತೆ, ಎಳೆ ಸಸಿ ಹೇಗೆ ತಡ್ಕೊಳ್ಳುತ್ತೆ ಹೇಳಿ.

ಬುಡ ಸಣ್ಣ ಆಗಿ ಬಿದ್ದಿದ್ದು ಬೇರೆ ಕಥೆ, ಅದು ಸಸಿ ಸಾಯುವ ರೋಗ, ಪೀಥಿಯಂ, ರೈಜೋಕ್ಟೋನಿಯಾ ಥರದ ಶಿಲೀಂಧ್ರದಿಂದ ಬರೋದು. ಗಾಳಿ ಆಡದೆ ಸದಾ ಒದ್ದೆ ಇದ್ರೆ ಅದಕ್ಕೆ ಹಬ್ಬ. ನರ್ಸರಿಯವರೂ ಟ್ರೇಗಳನ್ನ ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಮುಚ್ಚಿಡ್ತಾರೆ, ಆದ್ರೆ ಮೊಳಕೆ ಮೂತಿ ಕಂಡ ತಕ್ಷಣ ತೆಗೆದು ನೆರಳು ಬಲೆ ಕೆಳಗೆ ಹರಡ್ತಾರೆ. ನಾಲ್ಕು ಎಲೆ ಬರೋವರೆಗೂ ಮುಚ್ಚಿಡಿ ಅಂತ ಕಾರ್ಡಲ್ಲಿ ಅಚ್ಚು ಹಾಕಿಸಿದವರು ಒಂದೇ ಒಂದು ಸಸಿನಾದ್ರೂ ಬೆಳೆಸಿದಾರಾ? ನಂಗೆ ಅನುಮಾನ. ನೀರು ಕೂಡ ದಿನಕ್ಕೆ ಎರಡು ಸಲ ಅಂತ ಲೆಕ್ಕ ಇಲ್ಲ, ಮೇಲೆ ಒಣಗಿದೆ ಅನ್ನಿಸಿದಾಗ ಬೆಳಿಗ್ಗೆ ಹೊತ್ತು ಕೊಟ್ರೆ ಸಾಕು. ಬಿತ್ತೋಕೆ ಮುಂಚೆ ಟ್ರೈಕೋಡರ್ಮಾ ಪುಡಿ (ರೋಗದ ಶಿಲೀಂಧ್ರನ ತಡೆಯೋ ಒಳ್ಳೆ ಶಿಲೀಂಧ್ರ) ಕಲಸಿಕೊಂಡ್ರೆ ಈ ರೋಗದ ಕಾಟ ಕಮ್ಮಿ.

ಇನ್ನು ಬೀಜದ ಪ್ಯಾಕೆಟ್. ನಮಗೆ ಬಂದಿದ್ದು ಜಿಪ್ ಕವರ್, ಒಳಗೆ ಬೀಜ, ಮೇಲೆ ಬಣ್ಣಬಣ್ಣದ ಚಿತ್ರ, ಅಷ್ಟೇ. ತಳಿ ಹೆಸರಿಲ್ಲ, ಲಾಟ್ ನಂಬರ್ ಇಲ್ಲ, ಪರೀಕ್ಷೆ ಮಾಡಿದ ತಾರೀಕಿಲ್ಲ, ಎಲ್ಲಿವರೆಗೆ ಬಳಸಬಹುದು ಅಂತಿಲ್ಲ, ಎಷ್ಟು ಪರ್ಸೆಂಟ್ ಮೊಳಕೆ ಅಂತಿಲ್ಲ. ಸರಿಯಾದ ಪ್ಯಾಕೆಟ್ ಮೇಲೆ ಇವೆಲ್ಲ ಇರಲೇಬೇಕು. 'ನೂರಕ್ಕೆ ನೂರು' ಅನ್ನೋ ಮಾತು ಕಂಡ್ರೆ ಅಲ್ಲೇ ಹುಷಾರಾಗಿ, ಯಾಕಂದ್ರೆ ಸರ್ಕಾರದ ಬೀಜ ಪ್ರಮಾಣೀಕರಣದಲ್ಲೇ ಕನಿಷ್ಠ ಮೊಳಕೆ ಟೊಮೇಟೊ, ಬದನೆಗೆ 70%, ಬೆಂಡೆಗೆ 65%, ಮೆಣಸಿನಕಾಯಿಗೆ 60% ಅಂತ ಇಟ್ಟಿದಾರೆ. ಈರುಳ್ಳಿ ಬೀಜ ಅಂತೂ ವರ್ಷ ಕಳೆದ್ರೆ ಶಕ್ತಿ ಕಳ್ಕೊಳ್ಳುತ್ತೆ, ಅದನ್ನ ತಾರೀಕು ನೋಡದೆ ತಗೋಲೇಬೇಡಿ. ನಮ್ಮ ಕಿಟ್‌ನಲ್ಲಿ ನೀಲಿ ಗುಲಾಬಿ ಬೀಜ ಅಂತ ಬೇರೆ ಇತ್ತು. ಗುಲಾಬಿನ ಎಲ್ಲರೂ ಬೆಳೆಸೋದು ಕಡ್ಡಿಯಿಂದ, ಕಣ್ಣು ಕಸಿಯಿಂದ, ಆ ಚಿತ್ರದಲ್ಲಿರೋ ಥರ ಕಡು ನೀಲಿ ಗುಲಾಬಿ ಯಾವ ಬೀಜದಿಂದಲೂ ಬರಲ್ಲ. ನೀಲಿ ಗುಲಾಬಿ ಬೀಜ ಮಾರೋ ಅಂಗಡಿಲಿ ಟೊಮೇಟೊ ಬೀಜನೂ ತಗೋಬೇಡಿ.

ಎಲ್ಲಿ ತಗೋಬೇಕು ಅಂತ ಕೇಳೋರಿಗೆ, ಹೆಸರಘಟ್ಟದ ಐಐಎಚ್‌ಆರ್‌ನವರು (ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ) ತಾವೇ ಅಭಿವೃದ್ಧಿ ಮಾಡಿದ ಅರ್ಕಾ ತಳಿಗಳ ಬೀಜನ ಆನ್‌ಲೈನಲ್ಲೂ ಕೊಡ್ತಾರೆ. ಕೋಕೋಪೀಟ್‌ನ ಸೂಕ್ಷ್ಮಜೀವಿ ಹಾಕಿ ಕೊಳೆಸಿ ಸಸಿಗೆ ಹೊಂದೋ ಹಾಗೆ ಮಾಡೋ ವಿಧಾನನೂ ಅವರು ಮಾಡಿದಾರೆ, ಅರ್ಕಾ ಫರ್ಮೆಂಟೆಡ್ ಕೋಕೋಪೀಟ್ ಅಂತ ಅದರ ಹೆಸರು. ಹತ್ರದ ತೋಟಗಾರಿಕೆ ಇಲಾಖೆ ನರ್ಸರಿಲೂ ವಿಚಾರಿಸಿ. ಇಲ್ಲಾಂದ್ರೆ ನಿಮ್ಮೂರಿನ ಲೈಸೆನ್ಸ್ ಇರೋ ಬೀಜದ ಅಂಗಡಿಲಿ ಬಿಲ್ ಹಾಕಿಸಿ ತಗೊಳ್ಳಿ, ಬಿಲ್ಲಲ್ಲಿ ಲಾಟ್ ನಂಬರ್ ಬರೆಸಿ.

ಆನ್‌ಲೈನಲ್ಲಿ ಈಗಾಗಲೇ ಮೋಸ ಹೋಗಿದ್ರೆ ಪ್ಯಾಕೆಟ್, ಬಿಲ್, ಚಾಟ್ ಯಾವುದನ್ನೂ ಡಿಲೀಟ್ ಮಾಡ್ಬೇಡಿ, ಬಿಸಾಕ್ಬೇಡಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಮಾರೋ ಸೈಟ್‌ನ ದೂರು ಅಧಿಕಾರಿ 48 ಗಂಟೆ ಒಳಗೆ ನಿಮ್ಮ ದೂರು ಬಂದಿದೆ ಅಂತ ತಿಳಿಸ್ಬೇಕು, ಒಂದು ತಿಂಗಳೊಳಗೆ ಬಗೆಹರಿಸ್ಬೇಕು. ಅವರು ಕೈ ಎತ್ತಿದ್ರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಾವೂ ಮಾಡಿದೀವಿ.

ಇಂಥ ಬ್ಲಾಕ್ ಮನೇಲಿ ಇನ್ನೂ ಇರೋರು ಅದನ್ನ ಎಸೀಬೇಕಾಗಿಲ್ಲ. ದೊಡ್ಡ ಟಬ್ಬಲ್ಲಿ ನೆನೆಸಿ, ಗೋಣಿಚೀಲಕ್ಕೆ ಸುರಿದು ಹಿಂಡಿ, ಮತ್ತೆ ಒಳ್ಳೆ ನೀರು ತುಂಬಿ ಹಿಂಡಿ, ಹಿಂಡಿದ ನೀರಿನ ಟಿಡಿಎಸ್ ನಿಮ್ಮ ನಲ್ಲಿ ನೀರಿನ ಹತ್ರ ಬರೋವರೆಗೂ ಹೀಗೇ ಮಾಡ್ತಾ ಹೋಗಿ. ಕ್ಯಾಲ್ಸಿಯಂ ನೈಟ್ರೇಟ್ ಗೊಬ್ಬರ ಸಿಕ್ಕಿದ್ರೆ ಅದರ ನೀರಲ್ಲಿ ಒಂದು ರಾತ್ರಿ ನೆನೆಸಿಟ್ಟು ತೊಳೀರಿ, ಅಂಟಿಕೊಂಡಿರೋ ಸೋಡಿಯಂ ಬಿಟ್ಟುಕೊಳ್ಳುತ್ತೆ. ಆ ಹಿಂಡಿದ ನೀರನ್ನ ಮಾತ್ರ ಬೇರೆ ಯಾವ ಗಿಡಕ್ಕೂ ಹಾಕ್ಬೇಡಿ, ಸೀದಾ ಚರಂಡಿಗೆ ಬಿಡಿ.