ಮುಂಬಯಿ ಮಳೆಗಾಲ: ರೈನ್‌ಕೋಟಿನೊಳಗೆ ಕೆಟ್ಟ ಪ್ರೊಸೆಸರ್

ಡೊಂಬಿವಲಿಯ ಕನ್ನಡ ಮನೆಯೊಂದರ ಮಗುವಿನ ಕಾಕ್ಲಿಯರ್ ಇಂಪ್ಲಾಂಟ್ ಪ್ರೊಸೆಸರ್ ಜುಲೈನಲ್ಲಿ ಕೆಟ್ಟು ನಿಂತಿತು. ಕಿವಿ ಕೇಳದವರಿಗೆ ಆಪರೇಷನ್ ಮಾಡಿ ಒಳಗೆ ಕೂರಿಸಿದ ಸಾಧನಕ್ಕೆ ಹೊರಗಿನಿಂದ ದನಿ ಕಳಿಸುವ, ಕಿವಿಯ ಹಿಂದೆ ಹಾಕುವ ಯಂತ್ರ ಅದು. ಅದರ ಮೇಲೆ ಒಂದು ಹನಿ ಮಳೆಯೂ ಬಿದ್ದಿರಲಿಲ್ಲ. ಟೊಪ್ಪಿಯ ರೈನ್‌ಕೋಟ್ ಹಾಕಿಕೊಂಡೇ ಮಗು ಶಾಲೆಗೆ ಹೋಗುತ್ತಿತ್ತು. ಕೆಡಿಸಿದ್ದೂ ಆ ಟೊಪ್ಪಿಯೇ. ಗಾಳಿಯಾಡದೆ ಕಿವಿಯ ಹಿಂದೆ ಬೆವರು ನಿಂತು, ಬ್ಯಾಟರಿ ತಾಗುವ ತಗಡಿಗೆ ಹಸಿರು ಕಿಲುಬು ಹಿಡಿದಿತ್ತು.

ಪೆಟ್ಟಿಗೆಯ ಮೇಲೆ ಐಪಿ ಅಂಕಿ (ಧೂಳು, ನೀರಿನಿಂದ ಎಷ್ಟು ರಕ್ಷಣೆ ಎಂದು ಹೇಳುವ ಅಂಕಿ) ಇತ್ತಲ್ಲ ಎಂದು ಕೇಳುವವರು ಬಹಳ. ದೊಡ್ಡ ಅಂಕಿ ಸಾಮಾನ್ಯವಾಗಿ ಚಾರ್ಜ್ ಮಾಡುವ ಬ್ಯಾಟರಿ ಹಾಕಿದಾಗಿನದು. ಮುಗಿದ ಮೇಲೆ ಎಸೆಯುವ ಗುಂಡಿಯಂಥ 675 ಜಿಂಕ್ ಏರ್ ಸೆಲ್ ಹಾಕಿದರೆ ರಕ್ಷಣೆ ಕಡಿಮೆ, ಏಕೆಂದರೆ ಆ ಸೆಲ್ ಗಾಳಿ ಎಳೆದುಕೊಂಡೇ ಕೆಲಸ ಮಾಡುತ್ತದೆ, ಅದಕ್ಕೆ ರಂಧ್ರ ಬೇಕು. ಮೇಲಾಗಿ ಪರೀಕ್ಷೆ ಆಗಿರುವುದು ಬರೀ ನೀರಿನಲ್ಲಿ. ಬೆವರಿನಲ್ಲಿ ಉಪ್ಪಿದೆ, ನೀರು ಆರಿದರೂ ಉಪ್ಪು ಉಳಿದು ಮತ್ತೆ ತೇವ ಹೀರುತ್ತದೆ. ಜುಹು ಕಡಲಿಗೆ, ಗೋವಾಕ್ಕೆ ಹೋಗುವವರಿಗೂ ಇದೇ ಮಾತು.

ಆಮೇಲೆ ಮನೆಯವರು ಮಾಡಿದ್ದು ಇನ್ನೂ ಕೆಟ್ಟದಾಯಿತು. ಮೊದಲು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರು, ಅಕ್ಕಿಯ ಪುಡಿ ಮೈಕ್ ರಂಧ್ರಕ್ಕೆ ಹೋಯಿತು. ಹೇರ್ ಡ್ರೈಯರ್ ಹಿಡಿದರು. ಆ ಬಿಸಿಗೆ ಅಂಟು, ಸೀಲು ಬಿಡುತ್ತವೆ. ಕೊನೆಗೆ ಸ್ಟೇಷನ್ ಪಕ್ಕದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬಿಚ್ಚಿಸಿದರು. ಬಿಚ್ಚಿದ ಗುರುತು ಕಂಡ ಮೇಲೆ ವಾರಂಟಿ ಸಿಗಲಿಲ್ಲ. ಹೊಸ ಪ್ರೊಸೆಸರಿನ ಬೆಲೆ ಲಕ್ಷಗಳಲ್ಲಿ.

ರಾತ್ರಿ ಮಾಡಬೇಕಾದ್ದು ಐದು ನಿಮಿಷದ ಕೆಲಸ. ಬ್ಯಾಟರಿ ತೆಗೆಯಿರಿ. ಪ್ರೊಸೆಸರ್, ಕಾಯಿಲ್ (ತಲೆಗೆ ಅಂಟಿಕೊಳ್ಳುವ ದುಂಡು ಬಿಲ್ಲೆ), ಬ್ಯಾಟರಿ ಮನೆ ಎಲ್ಲವನ್ನೂ ಒಣಗಿದ ಮೆತ್ತನೆ ಬಟ್ಟೆಯಿಂದ ಒರೆಸಿ. ವೈರನ್ನು ಎಳೆಯಬೇಡಿ, ಪ್ಲಗ್ ಹಿಡಿದು ಬಿಡಿಸಿ. ಹೆಚ್ಚಾಗಿ ಮೊದಲು ಕೈಕೊಡುವುದು ಆ ವೈರೇ. ಇವನ್ನು ಸಿಲಿಕಾ ಜೆಲ್ ಇರುವ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಬೆಳಗಿನವರೆಗೆ ಇಡಿ. ಜಿಂಕ್ ಏರ್ ಸೆಲ್ ಅದರೊಳಗೆ ಬೇಡ, ಒಣಗಿ ಸಾಯುತ್ತದೆ. ಕಿತ್ತಳೆ ಕಾಳು ಹಸಿರಾದರೆ, ನೀಲಿ ಕಾಳು ಗುಲಾಬಿಯಾದರೆ ಬದಲಿಸಿ. ಕರೆಂಟಿನ ಡ್ರೈ ಬಾಕ್ಸ್ ಇದ್ದರೆ ಇನ್ನೂ ಒಳ್ಳೆಯದು; ಈ ಊರಿನ ಮಳೆಗಾಲಕ್ಕೆ ಅದು ದುಂದುವೆಚ್ಚವಲ್ಲ. ಮೈಕ್ ಕವರನ್ನು ಮೂರು ತಿಂಗಳಿಗೊಮ್ಮೆ ಬದಲಿಸುವುದು ರೂಢಿ, ಮಳೆಯಲ್ಲಿ ಅದಕ್ಕೂ ಮೊದಲೇ ನೋಡಿಕೊಳ್ಳಿ. ಟೊಪ್ಪಿಯ ಬದಲು ಕೊಡೆ ಕೊಡಿ, ಲೋಕಲ್ ಹತ್ತಿದ ಕೂಡಲೇ ಟೊಪ್ಪಿ ಇಳಿಸಲು ಕಲಿಸಿ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಯಂತ್ರ ಯಾವಾಗಲೂ ಒಮ್ಮೆಲೇ ನಿಲ್ಲುವುದಿಲ್ಲ. ಮೈಕ್ ಕಟ್ಟಿಕೊಳ್ಳುತ್ತಾ ಬಂದಂತೆ ದನಿ ಮಂಕಾಗುತ್ತದೆ, ಮಗು ಹೇಳುವುದಿಲ್ಲ, ‘ಗಮನ ಕೊಡಲ್ಲ’ ಎಂದು ಬೈಸಿಕೊಳ್ಳುತ್ತದೆ. ಹಾಗಾಗಿ ಬೆಳಿಗ್ಗೆ ತುಟಿ ಮಗುವಿಗೆ ಕಾಣದಂತೆ ಮರೆಮಾಡಿಕೊಂಡು, ಒಂದು ಮೀಟರ್ ದೂರದಿಂದ ಆ, ಊ, ಈ, ಮ್, ಶ್, ಸ್ ಎಂದು ಕ್ರಮ ತಪ್ಪಿಸಿ ಹೇಳಿ. ಮಗು ಮರಳಿ ಹೇಳಲಿ. ಮೊದಲು ತಪ್ಪುವುದು ಸಾಮಾನ್ಯವಾಗಿ ಸ್ ಮತ್ತು ಶ್. ತಪ್ಪಿದರೆ ಮೈಕ್ ಕವರ್, ಬ್ಯಾಟರಿ, ಕಾಯಿಲ್ ವೈರ್ ಒಂದೊಂದಾಗಿ ಬದಲಿಸಿ ಮತ್ತೆ ಕೇಳಿಸಿ ನೋಡಿ. ಆಗಲೂ ಕೇಳದಿದ್ದರೆ ಅದೇ ದಿನ ನಿಮ್ಮ ಆಡಿಯಾಲಜಿಸ್ಟ್‌ಗೆ (ಶ್ರವಣ ತಜ್ಞರಿಗೆ) ಫೋನ್ ಮಾಡಿ.