ಬೋಟ್ ಕ್ಯಾಬಿನ್‌ಗೆ ಯಾವುದು: ಗ್ಲಾಸ್ ವೂಲ್, ನೈಟ್ರೈಲ್ ಫೋಮ್, ಬ್ಯುಟೈಲ್ ಶೀಟ್?

ಮಲ್ಪೆಯ ಸ್ಟೀಲ್ ಬೋಟ್‌ಗಳ ಕ್ಯಾಬಿನ್‌ನಲ್ಲಿ ಎರಡು ಕಾಟ. ಕೆಳಗೆ ಡೀಸೆಲ್ ಇಂಜಿನ್ನಿನ ಸದ್ದು, ಮೇಲೆ ಬಿಸಿಲಿಗೆ ಕಾದ ಮಾಡು. ಒಂದೇ ಸಾಮಾನು ಎರಡಕ್ಕೂ ಸಾಲದು.

ಗ್ಲಾಸ್ ವೂಲ್ ಅಂದರೆ ಗಾಜಿನ ನಾರಿನ, ಹತ್ತಿಯಂಥ ಹಾಸು. ಸದ್ದು ಹೀರುವುದರಲ್ಲಿ ಮುಂದು. ಬೆಂಕಿಯೂ ಹಿಡಿಯುವುದಿಲ್ಲ. ಆದರೆ ನಮ್ಮ ಕಡಲ ಗಾಳಿ ಗೊತ್ತಲ್ವಾ? ಒಮ್ಮೆ ನೀರು ಕುಡಿದರೆ ಬೇಗ ಒಣಗದು, ಹಿಂದಿನ ಸ್ಟೀಲಿಗೆ ತುಕ್ಕು. ನಾರು ಮೈಗೆ ತಾಗಿದರೆ ತುರಿಕೆ ಬೇರೆ. ಇಂಜಿನ್ ಕೋಣೆಯ ಬಿಸಿ ಜಾಗಕ್ಕೆ, ಫಾಯಿಲ್ ಹೊದಿಸಿ ಅಂಚಿಗೆ ಟೇಪ್ ಹಾಕುವುದಾದರೆ ಮಾತ್ರ ತಗೊಳ್ಳಿ.

ನೈಟ್ರೈಲ್ ಫೋಮ್ ಅಂದರೆ ಎಸಿ ಪೈಪಿಗೆ ಸುತ್ತುತ್ತಾರಲ್ಲ, ಆ ಕಪ್ಪು ರಬ್ಬರ್. ಇದರ ಗುಳ್ಳೆಗಳು ಮುಚ್ಚಿಕೊಂಡಿರುವುದರಿಂದ ನೀರು ಒಳಗಿಳಿಯುವುದು ತೀರಾ ಕಡಿಮೆ. ಮಾಡಿನ ಕೆಳಗೆ ಅಂಟಿಸಲು ನನ್ನ ಓಟು ಇದಕ್ಕೇ. ಬೆಂಕಿ ಬೇಗ ಹರಡದ ದರ್ಜೆಯದ್ದೇ ಕೇಳಿ. ಇಂಜಿನ್ನಿನ ಗುಡುಗಿಗೆ ಮಾತ್ರ ಇದು ಅಷ್ಟಕ್ಕಷ್ಟೆ.

ಅದುರುವ ಗೋಡೆಗೆ ಬ್ಯುಟೈಲ್ ಶೀಟ್, ಅಂದರೆ ಅಂಟಿಸುವ ಭಾರದ ರಬ್ಬರ್ ಹಾಳೆ. ತೆಳು ಪ್ಲೇಟನ್ನು ಬೆರಳ ಗಂಟಿನಿಂದ ತಟ್ಟಿ ನೋಡಿ. ‘ಠಣ್’ ಅಂದ ಕಡೆ ಅಂಟಿಸಿ, ‘ಟಪ್’ ಅನ್ನಬೇಕು. ಪೂರ್ತಿ ಮುಚ್ಚಬೇಕಿಲ್ಲ, ನಡುಭಾಗ ಸಾಕು. ಸುಮ್ನೆ ಯಾಕೆ ದುಡ್ಡು ಸುರಿಯುವುದು? ಸೆಕೆ ಇದರಿಂದ ತಗ್ಗದು, ತೂಕವೂ ಜಾಸ್ತಿ. ಬೋಟಿಗೆ ಅಷ್ಟು ತಲೆಬಿಸಿ ಇಲ್ಲ, ಆದರೂ ಮೇಲ್ಗಡೆ ಭಾರ ಹೇರಬೇಡಿ.

ಥರ್ಮಕೋಲ್ ಅಗ್ಗ. ಸದ್ದಿಗೆ ದಂಡ, ಬೆಂಕಿ ತಾಗಿದರೆ ಕರಗಿ ಕಪ್ಪು ಹೊಗೆ. ಬೇಡ.

ಯಾವುದನ್ನೇ ಆರಿಸಿ, ಮೊದಲು ಇಂಜಿನ್ ಕೋಣೆಯಿಂದ ಕೇಬಲ್ ಬರುವ ತೂತುಗಳನ್ನು ಮುಚ್ಚಿಸಿ. ಬೆಂಕಿ ತಡೆಯುವ ಸೀಲೆಂಟನ್ನೇ ಹಾಕಿಸಿ.